ಕಪಾಟಿನ ಅಡಿಯ ಟೈಲ್ಸ್

ಓದುವ ಎಲ್ಲರಿಗೂ ನಮಸ್ಕಾರ. ನಾನು ಕಾಪುವಿನವ, ಟೈಲ್ಸ್ ಹಾಕುವ ಕೆಲಸ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ನಲವತ್ತು ದಾಟಿದ ಮೇಲೆ ಹತ್ತನೆಯ ಪರೀಕ್ಷೆಗೆ ಕೂತು ಪಾಸಾದವ. ಮೊಬೈಲಿನಲ್ಲಿ ಒಂದೇ ಬೆರಳಿನಲ್ಲಿ ಒತ್ತಿ ಬರೀತಾ ಇದ್ದೇನೆ. ಅಕ್ಷರ ತಪ್ಪಿದ್ರೆ ಕ್ಷಮಿಸಿ, ವಿಷಯ ಮಾತ್ರ ತಪ್ಪಿಲ್ಲ.

ನಮ್ಮ ಕೆಲಸ ಹೇಗೆ ಅಂದ್ರೆ, ಮನೆಯವರು ಇಡೀ ಮನೆಯನ್ನು ಒಬ್ಬ ಕಾಂಟ್ರಾಕ್ಟರಿಗೆ ವಹಿಸ್ತಾರೆ. ಅವರು ಟೈಲ್ಸ್ ನನಗೆ, ಮರದ ಕೆಲಸ ಬಡಗಿಗೆ, ಹೀಗೆ ಹಂಚ್ತಾರೆ. ನನಗೆ ಚದರ ಅಡಿ ಲೆಕ್ಕದಲ್ಲಿ ಕೂಲಿ. ಕೆಲಸ ಮುಗಿದ ಮೇಲೆ ಇಬ್ಬರೂ ಟೇಪು ಹಿಡಿದು ಅಳೆಯುದು, ಸಹಿ ಹಾಕುದು, ಆಮೇಲೆ ದುಡ್ಡು. ನಾನು ಸಿಕ್ಕಿಬಿದ್ದದ್ದು ಈ ಅಳತೆಯಲ್ಲೇ.

ಹಿರಿಯಡ್ಕದ ಹತ್ತಿರ ಒಂದು ಮನೆ. ಮಾಲೀಕರು ದುಬೈಯಲ್ಲಿ, ಇಲ್ಲಿ ನೋಡಿಕೊಳ್ಳುದು ಅವರ ತಾಯಿ. ಕಾಂಟ್ರಾಕ್ಟರ್ ಮಣಿಪಾಲದವರು. ನನ್ನ ಜೊತೆ ಒಬ್ಬ ಮೇಸ್ತ್ರಿ, ನಮ್ಮೂರಿನ ಬ್ಯಾರಿ ಮುಸಲ್ಮಾನ, ಒಂಬತ್ತು ವರ್ಷದಿಂದ ಒಟ್ಟಿಗೆ. ಮೂಲೆ ಕೂರಿಸುದರಲ್ಲಿ ಅವನ ಕೈ ನನಗಿಂತ ಒಳ್ಳೆಯದು.

ಮಲಗುವ ಕೋಣೆಗೆ ಬಂದಾಗ ಆ ಅಮ್ಮ ಹೇಳಿದ್ರು, "ಮಗಾ, ಗೋಡೆ ಬದಿ ಕಪಾಟು ಬರುವ ನೆಲಕ್ಕೂ ಟೈಲ್ಸ್ ಹಾಕು. ಬರೀ ಸಿಮೆಂಟ್ ಬಿಟ್ರೆ ಮಳೆಗಾಲದಲ್ಲಿ ತೇವ ಏರಿ ಗೆದ್ದಲು ಹಿಡೀತದೆ." ಸರಿಯಾದ ಮಾತೇ. ನಾಲ್ಕು ಕೋಣೆಯಲ್ಲೂ ಗೋಡೆ ತನಕ ಹಾಕಿದೆವು.

ಮುಗಿದ ದಿನವೇ ಕಾಂಟ್ರಾಕ್ಟರಿಗೆ ಫೋನ್ ಮಾಡಿದೆ. "ಸರ್, ಅಳತೆಗೆ ಬನ್ನಿ."

"ಎಂತ ಅರ್ಜೆಂಟ್ ಮಾರಾಯ? ಮನೆ ಓಡಿ ಹೋಗ್ತದಾ?"

ನಾನೂ ನಗಾಡಿ ಬಿಟ್ಟೆ. ನನ್ನ ತಪ್ಪು ಅಲ್ಲೇ. ಅವರು ಬಂದದ್ದು ಇಪ್ಪತ್ತು ದಿನ ಬಿಟ್ಟು. ಅಷ್ಟರಲ್ಲಿ ಬಡಗಿ ನಾಲ್ಕೂ ಕಪಾಟು ಬಿಗಿದು ಆಗಿತ್ತು. ಕಾಂಟ್ರಾಕ್ಟರ್ ಟೇಪನ್ನು ಕಪಾಟಿನ ಬಾಗಿಲಿಗೆ ತಾಗಿಸಿ ಅಲ್ಲಿಂದ ಅಳೆದ್ರು.

"ಸರ್, ಅಡಿಯಲ್ಲೂ ಉಂಟು."

"ಕಾಣ್ತದಾ?"

"ಕಪಾಟು ಉಂಟಲ್ಲ, ಹೇಗೆ ಕಾಣುದು?"

"ಕಾಣದ್ದನ್ನು ನಾನು ಹೇಗೆ ಬರೆಯುದು? ನಾಳೆ ನೀನು ಬಾವಿಯೊಳಗೂ ಹಾಕಿದ್ದೇನೆ ಅಂತೀ."

ಹತ್ತಿರ ಹತ್ತಿರ ನೂರು ಚದರ ಅಡಿ ಹೋಯ್ತು. ದೊಡ್ಡ ಮೊತ್ತ ಅಲ್ಲ, ಒಪ್ತೇನೆ. ಆದರೆ ಮೊಣಕಾಲೂರಿ ಹಾಕಿದ್ದು ನಾವಲ್ವಾ? ನಾನು ಸಹಿ ಹಾಕ್ಲಿಲ್ಲ. ಸಹಿ ಇಲ್ಲದೆ ಇಡೀ ಬಿಲ್ಲೇ ನಿಂತಿತು. ಅದರೊಟ್ಟಿಗೆ ನಾನು ಮೇಸ್ತ್ರಿಗೆ ಕೊಡ್ಬೇಕಾದ ಹದಿನೆಂಟು ದಿನದ ಸಂಬಳ ಸಹ.

ಅಲ್ಲಿಂದ ಶುರು ನನ್ನ ಓಡಾಟ. ಮಣಿಪಾಲದ ಆಫೀಸಿಗೆ ಹೋದ್ರೆ "ಸರ್ ಕಾರ್ಕಳ ಸೈಟಿನಲ್ಲಿ." ಬಸ್ಸು ಹತ್ತಿ ಕಾರ್ಕಳಕ್ಕೆ ಹೋದ್ರೆ "ಈಗಷ್ಟೇ ಉಡುಪಿಗೆ ಹೋದ್ರು." ಫೋನ್ ಮಾಡಿದ್ರೆ "ಡ್ರೈವಿಂಗಿನಲ್ಲಿದ್ದೇನೆ." ಆ ಮನುಷ್ಯ ಗಾಡಿಯಿಂದ ಇಳಿಯುದೇ ಇಲ್ವಾ ಅಂತ.

ಒಂದು ದಿನ ಮೇಸ್ತ್ರಿ ಹೇಳಿದ, "ಅಣ್ಣ, ಆ ನೂರು ಅಡಿ ಬಿಡಿ. ಸಹಿ ಹಾಕಿ."

"ಇವತ್ತು ಬಿಟ್ರೆ ಮುಂದಿನ ಮನೆಯಲ್ಲೂ ಅವರು ಕಪಾಟು ಬರುವ ತನಕ ಕಾಯ್ತಾರೆ."

"ಅದು ನಿಮ್ಮ ಮತ್ತು ಅವರ ಜಗಳ. ನಮ್ಮ ಮನೆಯಲ್ಲಿ ಅಕ್ಕಿ ಮುಗೀತಾ ಉಂಟು."

ನನ್ನ ಕೈಯಲ್ಲಿ ದುಡ್ಡು ಇರ್ಲಿಲ್ಲ. ಸಂಬಳದ ಬದಲಿಗೆ ನನ್ನ ಟೈಲ್ಸ್ ಕಟ್ ಮಾಡುವ ಮಷಿನ್ ಕೊಟ್ಟೆ. ಅವ ಬೇಡ ಅನ್ಲಿಲ್ಲ. ಗೋಣಿಯಲ್ಲಿ ಸುತ್ತಿ ಸ್ಕೂಟರಿನಲ್ಲಿ ಇಟ್ಟು ಹೋದ. ಮತ್ತೆ ನನ್ನೊಟ್ಟಿಗೆ ಕೆಲಸಕ್ಕೆ ಬರ್ಲಿಲ್ಲ.

ಕೊನೆಗೆ ಆ ಅಮ್ಮನಿಗೆ ಎಲ್ಲ ಹೇಳಿದೆ. ಅವರು ಕಾಂಟ್ರಾಕ್ಟರಿಗೆ ಫೋನ್ ಮಾಡಿ, "ನಾಳೆ ಬರದಿದ್ರೆ ಕೊನೆಯ ಕಂತು ಕಳಿಸ್ಬೇಡ ಅಂತ ಮಗನಿಗೆ ಹೇಳ್ತೇನೆ" ಅಂದ್ರು. ಮರುದಿನ ಹತ್ತು ಗಂಟೆಗೆ ಕಾರು ಬಂತು ಮಾರಾಯ್ರೆ!

ಕಪಾಟಿನ ಬುಡದಲ್ಲಿ ಒಂದು ಮರದ ಪಟ್ಟಿ ಇರ್ತದೆ. ಅದನ್ನು ತೆಗೆದ್ರೆ ಅಡಿ ಕಾಣ್ತದೆ. ಬಡಗಿಯನ್ನು ಕರೆಸಿದೆವು. ಅವರು ಹೇಳಿದ್ರು, "ತೆಗೀತೇನೆ. ಪುನಃ ಕೂರಿಸಿದ್ದಕ್ಕೆ ಯಾರು ಕೊಡುದು? ಈ ಕಾಂಟ್ರಾಕ್ಟರಿಂದ ನನಗೇ ಬಾಕಿ ಉಂಟು." ಅಮ್ಮ, "ನಾನು ಕೊಡ್ತೇನೆ, ತೆಗಿ" ಅಂದ್ರು.

ಕಾಂಟ್ರಾಕ್ಟರ್ ಬಗ್ಗಿ ಮೊಬೈಲ್ ಬೆಳಕು ಬಿಟ್ಟು ನೋಡಿದ್ರು. "ಎದುರಿಗೆ ಉಂಟು. ಗೋಡೆ ತನಕ ಉಂಟು ಅಂತ ಎಂತ ಗ್ಯಾರಂಟಿ?"

"ಹಾಗಾದ್ರೆ ನೀವೇ ಒಳಗೆ ನುಗ್ಗಿ ನೋಡಿ," ಅಂದ್ರು ಅಮ್ಮ.

ನುಗ್ಗಲಿಲ್ಲ. ನಾನೇ ನೆಲದಲ್ಲಿ ಮಲಗಿ ಬೆರಳಿನಿಂದ ಒಂದೊಂದು ಸಂದು ಮುಟ್ಟಿ ತೋರಿಸಿದೆ. ನೂರು ಅಡಿ ಬರೆದ್ರು, ನಾನು ಸಹಿ ಹಾಕಿದೆ. ಆಗ ಹೇಳ್ತಾರೆ, "ಬಿಲ್ಲಿನ ಹತ್ತು ಪರ್ಸೆಂಟ್ ಮಾತ್ರ ಮಳೆಗಾಲ ಕಳೆದ ಮೇಲೆ ಕೊಡ್ತೇನೆ. ಟೈಲ್ಸ್ ಏಳ್ತದಾ ನೋಡ್ಬೇಕಲ್ಲ." ಉಳಿದದ್ದು ಕೊಟ್ರು. ಮಳೆಗಾಲ ಕಳೆದ ಮೇಲೆ ಆ ಹತ್ತು ಪರ್ಸೆಂಟ್ ಕೇಳಿದೆ. "ನಾನು ಈ ಮಳೆಗಾಲ ಅಂತ ಹೇಳಿದ್ದೆನಾ?" ಅಂದ್ರು. ಇಂಥವರಿಗೆ ಎಂತ ಹೇಳುದು?

ಕಳೆದ ತಿಂಗಳು ಮೇಸ್ತ್ರಿಯ ಫೋನ್ ಬಂತು. "ಅಣ್ಣ, ಅಲೆವೂರಿನಲ್ಲಿ ನಾನೇ ಒಂದು ಮನೆ ಹಿಡಿದಿದ್ದೇನೆ. ಜನ ಕಮ್ಮಿ. ಬರ್ತೀರಾ?" ನಾಚಿಕೆ ಆಯ್ತು, ಆದರೂ ಹೋದೆ. ನನ್ನದೇ ಮಷಿನ್ ಅಲ್ಲಿ ಕಿರುಚ್ತಾ ಇತ್ತು. ಕೋಣೆ ಮುಗಿದ ಸಂಜೆ, ಬಡಗಿ ಬರುವ ಮೊದಲೇ, ಅವ ಆ ಮನೆಯ ಕಾಂಟ್ರಾಕ್ಟರನ್ನು ಬಾಗಿಲಲ್ಲಿ ನಿಲ್ಲಿಸಿ ನನ್ನ ಕೈಗೆ ಟೇಪಿನ ತುದಿ ಕೊಟ್ಟ. "ಅಣ್ಣ, ಗೋಡೆಗೆ ತಾಗಿಸಿ ಹಿಡೀರಿ." ಶನಿವಾರ ನನ್ನ ಸಂಬಳ ಕೈಗೆ ಬಂತು, ಪೂರ್ತಿ.

ಆ ಹತ್ತು ಪರ್ಸೆಂಟ್ ಇನ್ನೂ ಬರ್ಲಿಲ್ಲ. ಓದುವವರಲ್ಲಿ ಪೈಂಟಿನವರು, ಪ್ಲಂಬಿಂಗಿನವರು, ವಯರಿಂಗಿನವರು ಇರ್ಬಹುದು. ಗೋಡೆಯೊಳಗೆ ಹೋದ ನಿಮ್ಮ ಪೈಪಿನ ಅಳತೆ ನೀವು ಹೇಗೆ ತೋರಿಸಿದ್ರಿ? ನಿಲ್ಲಿಸಿಟ್ಟ ದುಡ್ಡು ಯಾರಿಗಾದ್ರೂ ಕೈಗೆ ಬಂದದ್ದುಂಟಾ? ದಯವಿಟ್ಟು ಬರೆಯಿರಿ, ನಿಧಾನ ಆದರೂ ಎಲ್ಲ ಓದ್ತೇನೆ.