ಚಕ್ರದ ಹಿಂದಿನ ಕಲ್ಲು

ನನ್ನದು ಅನುಮಾನದ ಬುದ್ಧಿ ಎಂದು ಮನೆಯವರೆಲ್ಲ ಹೇಳುತ್ತಾರೆ. ಹೌದು, ಏನೀಗ? ಅಂಗಡಿಯ ಸೌಂಡ್ ಬಾಕ್ಸ್ ಹಣ ಬಂತೆಂದು ಕೂಗಿದರೂ ಗಿರಾಕಿಗೆ ಮೊಬೈಲ್ ತೋರಿಸಿ ಅನ್ನುತ್ತೇನೆ. ತರಕಾರಿಯವನು ಕೇಳದೆಯೇ ಕೊಸರು ಹಾಕಿದರೆ ಮನೆಗೆ ಬಂದು ಚೀಲದ ತಳ ನೋಡುತ್ತೇನೆ. ಕಾಮಾಕ್ಷಿಪಾಳ್ಯದಲ್ಲಿ ಬಸ್ಸು ಲಾರಿಗಳ ಬ್ರೇಕ್ ಸಾಮಾನು ಮಾರುವ ಅಂಗಡಿ ನಮ್ಮದು. ಯಜಮಾನರು ಹೋದ ಮೇಲೆ ಗಲ್ಲಾದಲ್ಲಿ ನಾನೇ ಕೂತೆ. ಹಳೇ ರಬ್ಬರನ್ನು ಉಜ್ಜಿ ಹೊಳಪು ಮಾಡಿ ಹೊಸದೆಂದು ತಂದುಕೊಡುವವರನ್ನು ಇಷ್ಟು ವರ್ಷ ನೋಡಿದವಳಿಗೆ ಬೇರೆ ಯಾವ ಬುದ್ಧಿ ಬರಬೇಕು?

ನನ್ನ ತಮ್ಮನ ಮೊಮ್ಮಗನಿಗೆ ಜವಳ ತೆಗೆಸಲು ಬೆಟ್ಟದ ಮೇಲಿನ ದೇವಸ್ಥಾನಕ್ಕೆ ಎಲ್ಲರೂ ಹೊರಟಿದ್ದೆವು. ತಮ್ಮನ ಮನೆ ಇರುವುದು ಬಸವೇಶ್ವರನಗರದ ಇಳಿಜಾರು ರಸ್ತೆಯಲ್ಲಿ. ಅವನ ಸ್ನೇಹಿತನೊಬ್ಬನ ಬಸ್ಸು ಬೆಳಿಗ್ಗೆಯೇ ಬಂದು ಏರಿನ ಕಡೆ ಮುಖ ಮಾಡಿ ನಿಂತಿತ್ತು. ಚಿತ್ರಾನ್ನದ ಪಾತ್ರೆ ಹತ್ತಿತು, ಅಮ್ಮ ಹತ್ತಿ ಮುಂದಿನ ಸೀಟು ಹಿಡಿದಳು, ನೆಂಟರೂ ಒಬ್ಬೊಬ್ಬರಾಗಿ ಹತ್ತಿದರು. ನಾನು ಕೊನೆಗೆ ಹತ್ತೋಣವೆಂದು ಕೆಳಗೇ ಇದ್ದೆ. ಗೇರ್ ಹಾಕಿ ನಿಲ್ಲಿಸಿದ್ದ ಬಸ್ಸಿಗೆ ಜನದ ಭಾರ ಬಿದ್ದದ್ದೇ ಡ್ರೈವರ್ ತನ್ನ ಸೀಟಿನ ಪಕ್ಕದಿಂದ ಒಂದು ಕಲ್ಲು ಎತ್ತಿಕೊಂಡು ಇಳಿದು, ಅದನ್ನು ಹಿಂದಿನ ಚಕ್ರಕ್ಕೆ ಒತ್ತಿ ಇಟ್ಟು, ಕಾಲಿನಿಂದ ಇನ್ನಷ್ಟು ಒದ್ದು ಕೂರಿಸಿದ.

ಆ ಕಲ್ಲು ನನಗೆ ಹಿಡಿಸಲಿಲ್ಲ. ರಸ್ತೆಯಲ್ಲಿ ಸಿಕ್ಕ ಕಲ್ಲಲ್ಲ ಅದು. ಒಂದು ಮಗ್ಗುಲು ಟೈರಿನ ಕಪ್ಪು ಹತ್ತಿ ನುಣ್ಣಗಾಗಿತ್ತು. ಬಹಳ ದಿನದಿಂದ ಆ ಬಸ್ಸಿನಲ್ಲೇ ಸಂಸಾರ ಮಾಡಿಕೊಂಡಿರುವ ಕಲ್ಲು.

"ಅಣ್ಣಾ, ಹ್ಯಾಂಡ್ ಬ್ರೇಕ್ ಹಾಕಿದೀರಲ್ವಾ?" ಎಂದು ಕೇಳಿದೆ.

"ಹಾಕಿದೀನಿ ಮೇಡಂ."

"ಮತ್ತೆ ಕಲ್ಲು ಯಾಕೆ?"

"ಸೇಫ್ಟಿಗೆ, ಇಳಿಜಾರಲ್ವಾ," ಎಂದ. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಏರ್ ಬ್ರೇಕ್ ಅಂದರೆ ಗಾಳಿ ಬ್ರೇಕ್ ಹಿಡಿಯುತ್ತದೆ ಎಂದು ಜನ ತಿಳಿದಿದ್ದಾರೆ. ಅದು ಅರ್ಧ ನಿಜ. ಡ್ರೈವರ್ ಪೆಡಲ್ ತುಳಿದಾಗ ಟ್ಯಾಂಕಿನ ಗಾಳಿ ಹೋಗಿ ಬ್ರೇಕ್ ಹಿಡಿಸುತ್ತದೆ, ನಿಜ. ಆದರೆ ಹಿಂದಿನ ಚಕ್ರಗಳ ಹತ್ತಿರ ಚೊಂಬಿನ ಗಾತ್ರದ ಡಬ್ಬಿಗಳಿರುತ್ತವೆ, ಚೇಂಬರ್ ಅನ್ನುತ್ತಾರೆ. ಅದರೊಳಗೆ ಒಂದು ದಪ್ಪ ಸ್ಪ್ರಿಂಗ್ ಚಕ್ರವನ್ನು ಹಿಡಿಯಲು ಸದಾ ಕಾದು ಕೂತಿರುತ್ತದೆ. ಗಾಳಿ ಅದನ್ನು ಅದುಮಿಟ್ಟಿರುವಷ್ಟು ಹೊತ್ತು ಮಾತ್ರ ಬಸ್ಸು ಓಡುತ್ತದೆ. ಹ್ಯಾಂಡ್ ಬ್ರೇಕ್ ಎಳೆದರೆ ಬುಸ್ಸೆಂದು ಆ ಗಾಳಿ ಹೊರಗೆ ಹೋಗಿ, ಸ್ಪ್ರಿಂಗ್ ಚಕ್ರವನ್ನು ಹಿಡಿಯುತ್ತದೆ. ದಾರಿಯಲ್ಲಿ ಗಾಳಿ ಪೂರ್ತಿ ಸೋರಿದರೂ ಅಷ್ಟೇ, ತಾನಾಗಿ ಹಿಡಿಯುತ್ತದೆ. ಯಾರನ್ನೂ ನಂಬದ ಬ್ರೇಕ್ ಅದು. ನನಗೆ ಅದರ ಮೇಲೆ ಗೌರವ.

ಅಂಥ ಬ್ರೇಕ್ ಇರುವ ಬಸ್ಸಿಗೆ ಕಲ್ಲಿನ ಆಸರೆ ಯಾಕೆ ಬೇಕು?

ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಬೈಲ್ ಟಾರ್ಚ್ ಹಾಕಿ ಬಗ್ಗಿದೆ. ತಮ್ಮ ಕಿಟಕಿಯಿಂದ ತಲೆ ಹಾಕಿದ. "ಅಕ್ಕಾ, ಶುರು ಮಾಡ್ಬೇಡ ಇವತ್ತು. ದೇವ್ರ ಪ್ರಸಾದ ಕೊಟ್ರೂ ಮೂಸಿ ನೋಡೋಳು ನೀನು."

ಚೇಂಬರಿನ ಹಿಂದಿನ ಬೋಲ್ಟ್ ಬೆರಳುದ್ದ ಹೊರಗೆ ಬಂದಿತ್ತು. ಆಚೆ ಬದಿಗೆ ಹೋಗಿ ನೋಡಿದೆ, ಅಲ್ಲೂ ಹಾಗೆಯೇ. ಕೆಟ್ಟು ನಿಂತ ಗಾಡಿಯನ್ನು ಎಳೆದೊಯ್ಯುವಾಗ ಆ ಬೋಲ್ಟ್ ತಿರುಗಿಸಿ ಸ್ಪ್ರಿಂಗನ್ನು ಕಟ್ಟಿಹಾಕುತ್ತಾರೆ. ರಿಪೇರಿಯಾದ ಮೇಲೆ ಮತ್ತೆ ಒಳಗೆ ಬಿಡಬೇಕು. ಇಲ್ಲಿ ಯಾರೂ ಬಿಟ್ಟಿರಲಿಲ್ಲ. ಪೆಡಲ್ ತುಳಿದರೆ ಬಸ್ಸು ನಿಲ್ಲುತ್ತಿತ್ತು, ಸರಿ. ಬೆಟ್ಟದ ತಿರುವಿನಲ್ಲಿ ಗಾಳಿ ಹೋದರೆ ಹಿಡಿಯಲು ಏನೂ ಇರಲಿಲ್ಲ. ಒಳಗೆ ನಮ್ಮಮ್ಮ ಇದ್ದಳು, ಕೂಸಿತ್ತು, ನಮ್ಮ ಕುಲವೆಲ್ಲ ಇತ್ತು. ಎದ್ದು ನೇರ ಬಸ್ಸಿನ ಬಾಗಿಲಿಗೆ ಬಂದೆ.

"ಎಲ್ರೂ ಇಳೀರಿ," ಅಂದೆ.

ಯಾರೂ ಇಳಿಯಲಿಲ್ಲ. ತಮ್ಮನ ಮುಖ ಕೆಂಪಾಯಿತು. "ಬಸ್ ಓನರು ನನ್ನ ಫ್ರೆಂಡು ಕಣೇ. ಎಲ್ಲರ ಮುಂದೆ ನನ್ನ ಮರ್ಯಾದೆ ತೆಗೀತೀಯಾ? ಯಾವ್ದೋ ಬೋಲ್ಟ್ ತೋರ್ಸಿ ಹೆದರಿಸ್ತೀಯಾ?" ಅಮ್ಮನೂ ಬೈದಳು. "ಶುಭಕಾರ್ಯಕ್ಕೆ ಹೊರಟಾಗ ಅಪಶಕುನ ನುಡೀಬೇಡ ಕಣೇ."

ಮೊದಲು ಇಳಿದವಳು ತಮ್ಮನ ಸೊಸೆ. ಕೂಸನ್ನು ಎದೆಗೆ ಒತ್ತಿಕೊಂಡು ಬಂದು ನನ್ನ ಪಕ್ಕ ನಿಂತಳು. ಅವಳ ಹಿಂದೆ ಉಳಿದವರು ಗೊಣಗುತ್ತ ಇಳಿದರು. ಅಮ್ಮನನ್ನು ಕೈ ಹಿಡಿದು ಇಳಿಸಬೇಕಾಯಿತು.

ಹಿಂದೆ ರಸ್ತೆ ಖಾಲಿ ಮಾಡಿಸಿದೆ. ಡ್ರೈವರ್ ಗೇರ್ ತೆಗೆದು, ಪೆಡಲ್ ತುಳಿದುಕೊಂಡು ಕೂತ. ಹ್ಯಾಂಡ್ ಬ್ರೇಕ್ ಹಾಕಿಯೇ ಇತ್ತು. ನಾನೇ ಕಲ್ಲು ತೆಗೆದು ದೂರ ಸರಿದು, "ಈಗ ಕಾಲು ನಿಧಾನ ತೆಗೀರಿ," ಅಂದೆ.

ಬಸ್ಸು ಹಿಂದಕ್ಕೆ ಹೊರಟಿತು. ಸದ್ದಿಲ್ಲದೆ, ಬಹಳ ಸಲೀಸಾಗಿ. ತಮ್ಮನೇ "ಹಿಡಿಯಪ್ಪಾ, ಹಿಡಿ!" ಎಂದು ಕಿರುಚಿದ. ಡ್ರೈವರ್ ಪೆಡಲ್ ತುಳಿದು ನಿಲ್ಲಿಸಿದ. ನಾನು ಓಡಿಹೋಗಿ ಕಲ್ಲನ್ನು ಮತ್ತೆ ಚಕ್ರಕ್ಕೆ ಕೊಟ್ಟೆ.

ಡ್ರೈವರ್ ಇಳಿದು ಬಂದು ಮುಖ ಒರೆಸಿಕೊಂಡ. "ಗಾಳಿ ಸೋರಿ ಸೋರಿ ಗಾಡಿ ಅಲ್ಲಲ್ಲೇ ಕಚ್ಕೊಂಡು ನಿಂತ್ಬಿಡ್ತಿತ್ತು ಮೇಡಂ. ಟ್ರಿಪ್ ಹಾಳಾಗತ್ತೆ ಅಂತ ಓನರೇ ಬೋಲ್ಟ್ ತಿರುಗ್ಸಿ ಸ್ಪ್ರಿಂಗ್ ಕಟ್ಟಿಸಿದ್ದು. ನಂಗೂ ದಿನಾ ಭಯಾನೇ. ಕೇಳಿದ್ರೆ, ಆಗದಿದ್ರೆ ಬಿಟ್ಟೋಗು ಅಂತಾರೆ."

ತಮ್ಮ ಫೋನ್ ತೆಗೆದು ಆ ಸ್ನೇಹಿತನಿಗೆ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಆಮೇಲೆ ಅಲ್ಲಿ ಇಲ್ಲಿ ವಿಚಾರಿಸಿ ವಿಜಯನಗರದಿಂದ ಬೇರೆ ಬಸ್ಸು ತರಿಸಿದ. ಅಷ್ಟರಲ್ಲಿ ಜಗುಲಿಯ ಮೇಲೆ ಕೂತು ಅರ್ಧ ಚಿತ್ರಾನ್ನ ಖಾಲಿ ಮಾಡಿದ್ದೆವು.

ಎರಡನೇ ಬಸ್ಸು ಬಂದು ಅದೇ ಇಳಿಜಾರಿನಲ್ಲಿ ನಿಂತಿತು. ಬಾಗಿಲು ತೆರೆಯಿತು, ಯಾರೂ ಹತ್ತಲಿಲ್ಲ. ನೆಂಟರೆಲ್ಲ ಬಗ್ಗಿ ಬಗ್ಗಿ ಚಕ್ರದ ಹಿಂದೆ ಕಲ್ಲು ಹುಡುಕುತ್ತಿದ್ದರು. ನನಗೆ ನಗು ಬಂತು. ಆದರೆ ಅವರು ನೆಟ್ಟಗೆ ನಿಂತು ನನ್ನ ಕಡೆ ತಿರುಗಿದಾಗ ನಗು ನಿಂತುಹೋಯಿತು.

"ನೋಡಮ್ಮ, ನೀನು ಹೇಳಿದ್ರೆ ಹತ್ತೀನಿ," ಅಂದಳು ಅಮ್ಮ.

ನೋಡಿದೆ. ಎರಡೂ ಬೋಲ್ಟ್ ಒಳಗೇ ಇದ್ದವು. ಗೇರ್ ತೆಗೆಸಿ, ಹ್ಯಾಂಡ್ ಬ್ರೇಕ್ ಎಳೆಸಿ, ಪೆಡಲ್ ಮೇಲಿಂದ ಡ್ರೈವರನ ಕಾಲು ತೆಗೆಸಿದೆ. ಬಸ್ಸು ಅಲುಗಲಿಲ್ಲ. ಎಂಜಿನ್ ನಿಲ್ಲಿಸಿಯೂ ಟ್ಯಾಂಕಿನ ಗಾಳಿ ಎಷ್ಟಿದೆಯೆಂದು ತೋರಿಸುವ ಮೀಟರ್ ನೋಡಿದೆ, ಮುಳ್ಳು ಜಾರಲಿಲ್ಲ. ತಪ್ಪು ಹುಡುಕಿ ಹುಡುಕಿ ಸೋತೆ. ಆದರೂ ಬಾಯಿ ತೆರೆಯಲು ಆಗಲಿಲ್ಲ. ಅನುಮಾನ ಪಟ್ಟು ತಪ್ಪಾದರೆ ಬೈಸಿಕೊಂಡರೆ ಮುಗಿಯಿತು, ಜೀವನವಿಡೀ ಬೈಸಿಕೊಂಡೇ ಬಂದಿದ್ದೇನೆ. ಸರಿಯಿದೆ ಎಂದು ಹೇಳಿ ತಪ್ಪಾದರೆ? ಆ ಮಾತನ್ನು ಇಷ್ಟು ಜನಕ್ಕೆ ನಾನು ಯಾವತ್ತೂ ಹೇಳಿದವಳಲ್ಲ. ಭಯವಾಯಿತು, ಮೊದಲನೇ ಬಸ್ಸಿನ ಅಡಿಯಲ್ಲಿ ಆದದ್ದಕ್ಕಿಂತ ಹೆಚ್ಚು.

ತಮ್ಮ ಹತ್ತಿರ ಬಂದು ಮೆಲ್ಲಗೆ ಕೇಳಿದ. "ಏನಕ್ಕಾ, ಹತ್ಬಹುದಾ?"

"ಹತ್ತಿ," ಅಂದೆ.

ಅಮ್ಮ ನನ್ನ ಭುಜ ಹಿಡಿದು ಮೆಟ್ಟಿಲೇರಿದಳು. ಸೊಸೆ ಕೂಸಿನ ಜೊತೆ ಅವಳ ಹಿಂದೆ ಹತ್ತಿದಳು. ಬೆಟ್ಟದ ತಿರುವುಗಳಲ್ಲಿ ಎಲ್ಲರೂ ನಿಶ್ಚಿಂತೆಯಿಂದ ಅಂತ್ಯಾಕ್ಷರಿ ಹಾಡುತ್ತಿದ್ದರು. ನಾನು ಡ್ರೈವರನ ಹಿಂದಿನ ಸೀಟಿನಲ್ಲಿ ಅಮ್ಮನ ಕೈ ಹಿಡಿದುಕೊಂಡು, ಮೇಲೆ ತಲುಪುವವರೆಗೂ ಗಾಳಿ ಮೀಟರಿನ ಆ ಮುಳ್ಳನ್ನೇ ನೋಡುತ್ತ ಕೂತಿದ್ದೆ.