ಮಾವ ಹೊಡೆದ ಮೂರನೆಯ ಗಂಟೆ

ಕಳೆದ ವಾರ ಬಂಗಾರಪೇಟೆಯ ಡಾಕ್ಟರ ಕೋಣೆಯಲ್ಲಿ ಕೂತು ನಾನೊಂದು ಸುಳ್ಳು ಹೇಳಿದೆ. ನನಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಯಿತು. ಈ ಸಲದ ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ, ನನ್ನ ಮೊಮ್ಮಗಳ ಓರಗೆಯವಳು. ಚಪ್ಪಲಿ ಬಿಚ್ಚಿಸಿ, ಒಂದು ಸಣ್ಣ ಪಿನ್ನು ತೆಗೆದುಕೊಂಡು ನನ್ನ ಅಂಗಾಲಿಗೆ ಚುಚ್ಚುತ್ತಾ ಹೋದಳು. "ಅಜ್ಜಿ, ಗೊತ್ತಾಗ್ತಿದೆಯಾ?" ಅಂದಳು. "ಗೊತ್ತಾಗ್ತಿದೆ ಕಣಮ್ಮ, ಚೆನ್ನಾಗಿಯೇ ಗೊತ್ತಾಗ್ತಿದೆ" ಅಂದೆ. ಗೊತ್ತಾಗುತ್ತಿರಲಿಲ್ಲ. ನಾನು ಕಣ್ಣಂಚಿನಲ್ಲಿ ಪಿನ್ನನ್ನೇ ನೋಡುತ್ತಿದ್ದೆ. ಅದು ಕೆಳಗಿಳಿದಾಗಲೆಲ್ಲ ಹೂಂ ಅಂದೆ, ಮೇಲೆದ್ದಾಗ ಸುಮ್ಮನಾದೆ. ಅವಳು ಸಂತೋಷಪಟ್ಟು ಏನೋ ಬರೆದುಕೊಂಡಳು.

ನಾಚಿಕೆಯ ವಿಷಯ ಯಾವುದೆಂದರೆ, ನಾನು ಮೂವತ್ತು ವರ್ಷಕ್ಕೂ ಮೇಲೆ ಮಕ್ಕಳಿಗೆ ವಿಜ್ಞಾನ ಪಾಠ ಮಾಡಿದವಳು. ನರ ಎಂದರೇನು, ಸುದ್ದಿ ಹೇಗೆ ಬೆರಳಿನಿಂದ ಮಿದುಳಿಗೆ ಓಡುತ್ತದೆ ಎಂದು ಬೋರ್ಡಿನ ಮೇಲೆ ಎಷ್ಟು ಸೀಮೆಸುಣ್ಣ ಸವೆಸಿದ್ದೇನೋ ಲೆಕ್ಕವಿಲ್ಲ. ಅಂಥವಳು ನನ್ನದೇ ನರದ ಬಗ್ಗೆ ಸುಳ್ಳು ಹೇಳಿ ಆಟೋ ಹತ್ತಿದೆ. ದಾರಿಯಲ್ಲಿ ಹೊಳೆಯಿತು, ಈ ಕಣ್ಣಂಚಿನ ವಿದ್ಯೆ ನನ್ನದಲ್ಲ. ಇದು ಮುನಿವೆಂಕಟ ಮಾವನದು.

ಮುನಿವೆಂಕಟ ಮಾವ ನಮ್ಮಮ್ಮನ ತಮ್ಮ. ಚಿನ್ನದ ಗಣಿಯ ಊರಾದ ಊರಿಗಾಂನ ಲೈನಿನಲ್ಲಿ, ಅಂದರೆ ಗಣಿ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಪುಟ್ಟ ಮನೆಗಳಲ್ಲಿ ಒಂದರಲ್ಲಿ ಮಾವ, ಅತ್ತೆ ಇದ್ದರು. ನನಗೆ ಆಗ ಇಪ್ಪತ್ತೊಂದು. ಬಂಗಾರಪೇಟೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಸದಾಗಿ ಕೆಲಸ ಸಿಕ್ಕಿತ್ತು. ಅರವತ್ತರ ದಶಕ ಆಗತಾನೆ ಶುರುವಾಗಿತ್ತು. ಒಂಟಿ ಹುಡುಗಿ ಪೇಟೆಯಲ್ಲಿ ಕೋಣೆ ಹಿಡಿಯುವುದು ಬೇಡವೆಂದು ಅಮ್ಮ ನನ್ನನ್ನು ಮಾವನ ಮನೆಯಲ್ಲಿ ಇಳಿಸಿ ಹೋಗಿದ್ದಳು. ಬೆಳಿಗ್ಗೆ ರೈಲಿನಲ್ಲಿ ಬಂಗಾರಪೇಟೆ, ಸಂಜೆ ಅದೇ ರೈಲಿನಲ್ಲಿ ಊರಿಗಾಂ. ಆ ರೈಲು ಎಷ್ಟು ನಿಧಾನವೆಂದರೆ, ನಾನು ಅದರಲ್ಲೇ ಕೂತು ಒಂದು ತರಗತಿಯ ನೋಟುಬುಕ್ಕುಗಳನ್ನೆಲ್ಲ ತಿದ್ದಿ ಮುಗಿಸುತ್ತಿದ್ದೆ.

ಮಾವ ಗಣಿಯಲ್ಲಿ ಬೆಲ್‌ಮನ್. ಜನರನ್ನು ಪಾತಾಳಕ್ಕೆ ಇಳಿಸುವ ಕಬ್ಬಿಣದ ಪಂಜರಕ್ಕೆ ಅಲ್ಲಿ ಎಲ್ಲರೂ ಕೇಜು ಅನ್ನುತ್ತಾರೆ. ಮಾವ ನೆಲದೊಳಗೆ, ಆ ಕೇಜು ನಿಲ್ಲುವ ಬಾಯಿಯಲ್ಲಿ ನಿಂತು ಹಗ್ಗ ಎಳೆದು ಗಂಟೆ ಹೊಡೆಯಬೇಕು. ಮೇಲೆ ಎಂಜಿನ್ ನಡೆಸುವ ಡ್ರೈವರಿಗೆ ಕೇಜೂ ಕಾಣುವುದಿಲ್ಲ, ಮಾವನೂ ಕಾಣುವುದಿಲ್ಲ. ಅವನಿಗೆ ಕೇಳುವುದು ಗಂಟೆ ಮಾತ್ರ. ಒಂದು ಹೊಡೆದರೆ ನಿಲ್ಲಿಸು. ಎರಡು ಹೊಡೆದರೆ ಇಳಿಸು, ಒಳಗಿರುವುದು ಬರೀ ಸಾಮಾನು. ಮೂರು ಹೊಡೆದರೆ ಒಳಗೆ ಮನುಷ್ಯರಿದ್ದಾರೆ, ಮೆಲ್ಲಗೆ. ಮಾವನ ಗಣಿಯಲ್ಲಿ ಹಾಗಿತ್ತೆಂದು ನನ್ನ ನೆನಪು. ಎರಡಕ್ಕೂ ಮೂರಕ್ಕೂ ನಡುವೆ ಇರುವುದು ಒಂದೇ ಏಟು. ಆ ಒಂದು ಏಟಿನ ಮೇಲೆ ಕೇಜಿನ ತುಂಬ ಜನ ನಿಂತಿರುತ್ತಿದ್ದರು. ಹಾಗಾಗಿ ಲೈನಿನಲ್ಲಿ ಮಾವನಿಗೆ ತುಂಬ ಮರ್ಯಾದೆ. ಅವನು ನಲ್ಲಿಯ ಹತ್ತಿರ ಬಂದರೆ ಹೆಂಗಸರು ಕೊಡ ಪಕ್ಕಕ್ಕೆ ಸರಿಸುತ್ತಿದ್ದರು.

ಮಾವನ ಇನ್ನೊಂದು ಹೆಮ್ಮೆ ಅವನ ಕೈ. ಒಲೆಯ ಮೇಲೆ ಕುದಿಯುವ ಅನ್ನದ ಪಾತ್ರೆಯನ್ನು ಬಟ್ಟೆಯಿಲ್ಲದೆ ಬರಿಗೈಯಲ್ಲಿ ಇಳಿಸುತ್ತಿದ್ದ. ಅತ್ತೆ ಇದನ್ನು ನೆಂಟರ ಮುಂದೆ ಹಾಡಿ ಹೊಗಳುತ್ತಿದ್ದಳು. "ನಮ್ಮನೇವ್ರ ಕೈ ಕಂಡ್ರೆ ಬೆಂಕೀನೂ ಎದರ್ಕಂತೈತೆ ಕಣಮ್ಮ!" ಅಂತ. ನಾವೆಲ್ಲ ಕಣ್ಣರಳಿಸಿ ನೋಡುತ್ತಿದ್ದೆವು. ವಿಜ್ಞಾನದ ಟೀಚರಾದ ನಾನು ಎಲ್ಲರಿಗಿಂತ ಹೆಚ್ಚು ಅರಳಿಸುತ್ತಿದ್ದೆ.

ಒಂದು ದಿನ ನಮ್ಮ ಹೆಡ್‌ಮಿಸ್ಟ್ರೆಸ್ ಅವರು ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ ನಡೆಯಬೇಕು, ಇನ್‌ಸ್ಪೆಕ್ಟರು ಬರುತ್ತಾರೆ, ಎಂದು ಘೋಷಿಸಿ ನನಗೆ ನರದ ಮಾದರಿ ಮಾಡಲು ಹೇಳಿದರು. ನರವನ್ನು ನಾನು ಎಲ್ಲಿ ನೋಡಿದ್ದೆ? ಪುಣ್ಯಕ್ಕೆ ನನ್ನ ಹತ್ತಿರ ಒಂದು ಹಳೆಯ ಇಂಗ್ಲಿಷ್ ಪತ್ರಿಕೆ ಇತ್ತು. ಗಣಿಯ ದೊರೆಗಳು ಒಬ್ಬೊಬ್ಬರಾಗಿ ತಮ್ಮ ದೇಶಕ್ಕೆ ಹೊರಟುಹೋದಾಗ ಅವರು ಓದಿ ಬಿಟ್ಟ ಪುಸ್ತಕಗಳೆಲ್ಲ ರಾಬರ್ಟ್‌ಸನ್‌ಪೇಟೆಯ ಹಳೇ ಪೇಪರ್ ಅಂಗಡಿಗೆ ಬಂದಿದ್ದವು. ಅಲ್ಲಿ ಕಡಲೆಕಾಯಿ ಪೊಟ್ಟಣವಾಗುವ ಸರದಿಯಲ್ಲಿದ್ದ ಪತ್ರಿಕೆಯೊಂದನ್ನು ನಾನು ಉಳಿಸಿ ತಂದಿದ್ದೆ.

ಅದರಲ್ಲಿ ಬರೆದಿದ್ದುದನ್ನು ಓದಿ ನಾನು ಬೆರಗಾದೆ. ಸಮುದ್ರದಲ್ಲಿ ಸ್ಕ್ವಿಡ್ ಎಂಬ ಹತ್ತು ಕೈಗಳ ಪ್ರಾಣಿ ಇದೆಯಂತೆ. ನಮ್ಮ ನರದ ಎಳೆ ಕೂದಲಿಗಿಂತ ಎಷ್ಟೋ ಸಣ್ಣ. ಅದರದ್ದೊಂದು ಎಳೆ ಮಾತ್ರ ಪೆನ್ಸಿಲಿನ ಸೀಸದ ಕಡ್ಡಿಯಷ್ಟು ದಪ್ಪ. ವಿಜ್ಞಾನಿಗಳು ಆ ಎಳೆಯನ್ನು ಬಿಡಿಸಿ, ಅದರೊಳಗೆ ಉದ್ದಕ್ಕೂ ತಂತಿ ತೂರಿಸಿ, ಒಳಗೂ ಹೊರಗೂ ವಿದ್ಯುತ್ತಿನಲ್ಲಿ ಎಷ್ಟು ವ್ಯತ್ಯಾಸವಿದೆ ಎಂದು ಅಳೆದಿದ್ದರು. ನರದ ಹೊರಗೆ ನಮ್ಮ ಅಡುಗೆ ಉಪ್ಪಿನಲ್ಲಿರುವ ಸೋಡಿಯಂ ಜಾಸ್ತಿ, ಒಳಗೆ ಪೊಟ್ಯಾಸಿಯಂ ಜಾಸ್ತಿ. ಸುದ್ದಿ ಬಂದ ಜಾಗದಲ್ಲಿ ಸೋಡಿಯಂ ಒಳಗೆ ನುಗ್ಗುತ್ತದೆ, ಹಿಂದೆಯೇ ಪೊಟ್ಯಾಸಿಯಂ ಹೊರಗೆ ಹೋಗುತ್ತದೆ, ಆ ಗಲಾಟೆ ಪಕ್ಕದ ಜಾಗವನ್ನು ಎಬ್ಬಿಸುತ್ತದೆ, ಅದು ಅದರ ಪಕ್ಕದ್ದನ್ನು. ಹೀಗೆ ಸುದ್ದಿ ಓಡುತ್ತದೆ. ಇಷ್ಟಕ್ಕೇ ಬಿಡದೆ ಅವರು ಇದನ್ನೆಲ್ಲ ಗಣಿತದ ಸಮೀಕರಣ ಮಾಡಿ, ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರವನ್ನು ದಿನಗಟ್ಟಲೆ ತಿರುಗಿಸಿ, ಕಾಗದದ ಮೇಲೊಂದು ನರ ತಯಾರಿಸಿದ್ದರು. ಕಾಗದದ ನರವೂ ಸ್ಕ್ವಿಡ್ಡಿನ ನರವೂ ಒಂದೇ ಥರ ನಡೆದುಕೊಂಡವಂತೆ. ಸಮೀಕರಣಗಳಿದ್ದ ಪುಟವನ್ನು ನಾನು ಭಕ್ತಿಯಿಂದ ನೋಡಿ ಮಗುಚಿದೆ.

ನನ್ನ ಮಾದರಿ ಸರಳವಾಗಿತ್ತು. ಒಂದು ಹಗ್ಗ, ತುದಿಗೊಂದು ಹಿತ್ತಾಳೆ ಗಂಟೆ. ಅಂಗಳದಲ್ಲಿ ಕಟ್ಟಿ ಮಾವನಿಗೆ ವಿವರಿಸಿದೆ. "ನೋಡು ಮಾವ, ಹಗ್ಗ ನರ, ಗಂಟೆ ಮಿದುಳು. ಮೆಲ್ಲಗೆ ಮುಟ್ಟಿದ್ರೆ ಮೆಲ್ಲಗೆ ಹೊಡ್ಕೊಳ್ಳತ್ತೆ, ಜೋರಾಗಿ ಚುಚ್ಚಿದ್ರೆ ಜೋರಾಗಿ."

ಮಾವ ಬೀಡಿ ಬಾಯಿಂದ ತೆಗೆದು, "ಅಂಗಾದ್ರೆ ಎಲ್ರೂ ಸತ್ತೋದ್ರು ಬಿಡು" ಅಂದ.

"ಯಾಕೆ ಮಾವ?"

"ಅಲ್ಲಾ ಅಮ್ಮಣ್ಣಿ, ನಾನು ಸಿಟ್ಟಲ್ಲಿ ಒಡೆದ್ರೂ ಒಂದು ಒಂದೇ, ನಿದ್ದೆಗಣ್ಣಲ್ಲಿ ಒಡೆದ್ರೂ ಒಂದು ಒಂದೇ. ಸದ್ದು ದೊಡ್ಡದಾ ಚಿಕ್ಕದಾ ಅಂತ ಡ್ರೈವರ್ ಕೇಳ್ಕಂಡು ಕೂತ್ರೆ ಕೇಜು ಎಲ್ಲಿಗೋಗ್ತದೆ? ಅವನು ಎಣಿಸ್ತಾನೆ ಅಷ್ಟೇಯ."

ನಾನು ಒಳಗೆ ಹೋಗಿ ಪತ್ರಿಕೆ ತೆರೆದೆ. ಅಲ್ಲಿ ಅದೇ ಇತ್ತು. ನರ ಸುದ್ದಿ ಕಳಿಸಿದರೆ ಪೂರ್ತಿ ಕಳಿಸುತ್ತದೆ, ಇಲ್ಲವೆಂದರೆ ಇಲ್ಲ. ಅರ್ಧ ಸುದ್ದಿ ಎಂಬುದಿಲ್ಲ. ಮೆಲ್ಲಗೆ ಮುಟ್ಟಿದರೆ ಕೆಲವೇ ಏಟು, ಜೋರಾಗಿ ಒತ್ತಿದರೆ ಬೇಗಬೇಗ ಅನೇಕ ಏಟು. ನಾನು ಎರಡು ಸಲ ಓದಿಯೂ ಇದನ್ನು ಓದಿರಲಿಲ್ಲ.

ಅಂದಿನಿಂದ ಮಾದರಿ ಮಾವನದಾಯಿತು. ಗಡಿಯಾರದ ಹಳೆಯ ಸ್ಪ್ರಿಂಗು ತಂದ. ಒಂದು ಮಟ್ಟದವರೆಗೆ ಎಳೆದರೆ ಸುತ್ತಿಗೆ ಅಲ್ಲಾಡುವುದೇ ಇಲ್ಲ. ಆ ಮಟ್ಟ ದಾಟಿದರೆ ಠಣ್, ಎಷ್ಟು ಜೋರಾಗಿ ಎಳೆದರೂ ಅದೇ ಠಣ್. ನಾನು ಆತುರದಲ್ಲಿ ಮತ್ತೆ ಎಳೆದರೆ ಸದ್ದೇ ಬರಲಿಲ್ಲ. "ಸುತ್ಗೆ ಜಾಗಕ್ಕೆ ವಾಪಸ್ ಬರೋಗಂಟ ತಡ್ಕಬೇಕು" ಅಂದ ಮಾವ. ಅದೂ ಪತ್ರಿಕೆಯಲ್ಲಿತ್ತು. ಏಟು ಹೊಡೆದ ನರ ಅರೆಗಳಿಗೆ ಸುಧಾರಿಸಿಕೊಳ್ಳಲೇಬೇಕಂತೆ. ವಿಲಾಯಿತಿಯ ಪಂಡಿತರು ಸ್ಕ್ವಿಡ್ ಕೊಯ್ದು ಕಂಡದ್ದನ್ನು ನಮ್ಮ ಮಾವ ಊರಿಗಾಂನಲ್ಲಿ ಬೀಡಿ ಸೇದುತ್ತಾ ಹೇಳಿಬಿಟ್ಟನಲ್ಲ ಎಂದು ನನಗೆ ಹೆಮ್ಮೆಯೋ ಹೆಮ್ಮೆ.

ಆ ಹೆಮ್ಮೆಯಲ್ಲೇ ಇನ್ನೊಂದು ಪ್ರಯೋಗಕ್ಕೆ ಕೈಹಾಕಿದೆ. ಜ್ಯಾಮಿತಿ ಪೆಟ್ಟಿಗೆಯ ಡಿವೈಡರಿನ ಎರಡು ಮೊನೆಗಳನ್ನು ಚರ್ಮಕ್ಕೆ ತಾಗಿಸುವುದು, ಒಂದೋ ಎರಡೋ ಎಂದು ಕೇಳುವುದು. ಬೆನ್ನಿನಲ್ಲಿ ನರಗಳು ವಿರಳ, ಎರಡೂ ಒಂದೇ ಅನಿಸುತ್ತದೆ. ಬೆರಳ ತುದಿಯಲ್ಲಿ ದಟ್ಟ, ಮೊನೆಗಳು ಹತ್ತಿರವಿದ್ದರೂ ತಿಳಿಯುತ್ತದೆ. ಅತ್ತೆ ಬೆನ್ನು ಕೊಟ್ಟು, "ಒಂದೇ ಕಣೇ. ಸಾಕು ಬಿಡು, ಕಚಗುಳಿ ಆಯ್ತದೆ" ಎಂದು ನಗುತ್ತಾ ಒಳಗೆ ಹೋದಳು. ಮಾವ ಬೆರಳು ಚಾಚಿ ಕೂತ. ಒಂದಾದರೆ ಒಂದು ಅಂದ, ಎರಡಾದರೆ ಎರಡು ಅಂದ. ಒಂದೂ ತಪ್ಪಲಿಲ್ಲ. ನನಗೆ ಯಾಕೋ ಅವನ ಕಣ್ಣಿನ ಮೇಲೆ ಅನುಮಾನ ಬಂತು. ಆಟಕ್ಕೆಂದು ಅವನದೇ ಟವಲು ತೆಗೆದು ಕಣ್ಣಿಗೆ ಕಟ್ಟಿದೆ.

"ಈಗ ಹೇಳು ಮಾವ."

"ಎರಡು" ಅಂದ ಮಾವ.

ನಾನಿನ್ನೂ ಮುಟ್ಟಿರಲೇ ಇಲ್ಲ.

ಮುಟ್ಟಿದೆ. ಒತ್ತಿದೆ. ಕೊನೆಗೆ ಚುಚ್ಚಿಯೇಬಿಟ್ಟೆ. ಮಾವ ಸುಮ್ಮನೆ ಕೂತಿದ್ದ. ಟವಲು ಬಿಚ್ಚಿದಾಗ ಅವನ ಬೆರಳಿನ ಮೇಲೆ ಒಂದು ಸಣ್ಣ ರಕ್ತದ ಹನಿ ಇತ್ತು. ಇಬ್ಬರೂ ಅದನ್ನು ನೋಡಿದೆವು. ಬೆಂಕಿ ಯಾಕೆ ಹೆದರುತ್ತಿತ್ತೆಂದು ನನಗೆ ಆಗ ತಿಳಿಯಿತು.

ಬೆಲ್‌ಮನ್ ಆಗುವ ಮುಂಚೆ ಮಾವ ಬಹಳ ವರ್ಷ ಬಂಡೆ ಕೊರೆಯುವ ಮಿಷನ್ನು ಹಿಡಿದಿದ್ದ. ಆ ನಡುಕ ಬೆರಳುಗಳ ನರವನ್ನು ಒಂದೊಂದಾಗಿ ತಿಂದುಹಾಕಿತ್ತು. "ಕೈ ಕಣ್ಣೆದುರ್ಗಿದ್ರೆ ಏನೂ ತೊಂದ್ರೆ ಇಲ್ಲ ಅಮ್ಮಣ್ಣಿ. ಲ್ಯಾಂಪು ಬೆಳಕಲ್ಲಿ ಕೈ ನೋಡ್ಕಂಡೇ ಒಡೀತೀನಿ. ಗಂಟೆ ಮೇಲೈತೆ, ಅದರ ಸದ್ದು ನಂಗೆಲ್ಲಿ ಕೇಳ್ತದೆ?" ಅಂದ.

"ಲ್ಯಾಂಪು ಕೆಟ್ಟುಹೋದ್ರೆ?"

ಮಾವ ಬೆರಳಿನ ಹನಿಯನ್ನು ಟವಲಿಗೆ ಒರೆಸಿಕೊಂಡ. "ನಿಮ್ಮತ್ತೆಗೇಳ್ಬ್ಯಾಡ. ಯಾರ್ಗೂ ಏಳ್ಬ್ಯಾಡ. ಹಗ್ಗ ಬಿಡಿಸ್ಬಿಟ್ರೆ ನಾನು ಯಾರು ಏಳು?" ಅಂದ. ಮಾತು ಕೊಟ್ಟೆ. ಕೊಟ್ಟ ಮೇಲೆ ಕೆಲಸಕ್ಕೆ ಹೊರಟ ಗಂಡಸರು ನಮ್ಮ ಬಾಗಿಲ ಮುಂದೆ ಹೋಗುವಾಗ ಅವರ ಮುಖ ನೋಡಲು ನನಗೆ ಭಯವಾಗುತ್ತಿತ್ತು.

ಪ್ರದರ್ಶನದ ಭಾನುವಾರ ಬಂತು. ಊರಿಗಾಂನಿಂದ ಅರ್ಧ ಲೈನೇ ರೈಲು ಹತ್ತಿ ಬಂಗಾರಪೇಟೆಗೆ ಬಂದಿತ್ತು. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ, ಮಾದರಿ ನಡೆಸುವವನು ಅವನೇ. ಹಿಂದಿನ ದಿನ ಹೆಡ್‌ಮಿಸ್ಟ್ರೆಸ್ ನನ್ನ ಹಗ್ಗ ನೋಡಿ, "ಇದೇನಮ್ಮ, ಬಟ್ಟೆ ಒಣಗಿಸೋ ಹಾಗಿದೆ, ಏನಾದರೂ ಮುಚ್ಚು" ಅಂದಿದ್ದರು. ನಾನು ಹಗ್ಗದ ಮೇಲೂ ಹಿಡಿಯ ಮೇಲೂ ಕಪ್ಪು ಬಟ್ಟೆ ಹೊದಿಸಿದ್ದೆ. ಹಗ್ಗ ಎಳೆಯುವ ಕೈ ಆ ಬಟ್ಟೆಯೊಳಗೇ ಹೋಗಬೇಕೆಂಬುದು ನನಗೆ ಹೊಳೆದಿರಲಿಲ್ಲ. ನಿಜವಾಗಿ ಹೊಳೆದಿರಲಿಲ್ಲವೇ? ಅರವತ್ತು ವರ್ಷದಿಂದ ಕೇಳಿಕೊಳ್ಳುತ್ತಿದ್ದೇನೆ.

ಇನ್‌ಸ್ಪೆಕ್ಟರು ಬಂದರು. ಮಾವ ಬಟ್ಟೆಯೊಳಗೆ ಕೈಯಿಟ್ಟು ಒಂದು ಏಟು ಹೊಡೆದ. ಠಣ್! ಶಾಲೆಯ ಹಾಲ್‌ನಲ್ಲಿ ಓಡಾಡುತ್ತಿದ್ದ ಗಣಿಯವರೆಲ್ಲ ಇದ್ದಲ್ಲೇ ನಿಂತುಬಿಟ್ಟರು. ಎತ್ತಿದ ಕಾಲು ಎತ್ತಿದ ಹಾಗೇ, ಬಾಯಿಗೆ ಹೊರಟ ಬೋಂಡ ಅರ್ಧದಲ್ಲೇ. ಇನ್‌ಸ್ಪೆಕ್ಟರು ಗಾಬರಿಯಾಗಿ, "ಇವರಿಗೆಲ್ಲ ಏನಾಯಿತು?" ಅಂದರು. ಒಂದು ಏಟಿಗೆ ನಿಲ್ಲುವುದು ಅವರ ಮೈಗೆ ಹತ್ತಿಹೋಗಿತ್ತು, ಯೋಚಿಸುವ ಮೊದಲೇ ನಿಂತಿದ್ದರು. ಇದಕ್ಕಿಂತ ಒಳ್ಳೆಯ ನರದ ಪಾಠವನ್ನು ನಾನು ಆಮೇಲೂ ಮಾಡಿಲ್ಲ. ಎಲ್ಲರೂ ನಕ್ಕರು. ನಾನು ಉಬ್ಬಿಹೋಗಿ, "ಈಗ ಬೆರಳನ್ನು ಜೋರಾಗಿ ಒತ್ತಿದರೆ ಮೂರು ಏಟು ಬರುತ್ತದೆ ಸರ್, ಹೊಡಿ ಮಾವ" ಅಂದೆ.

ಠಣ್. ಠಣ್.

ಬಂದದ್ದು ಅಷ್ಟೇ. ಹಿಂದಿನಿಂದ ಯಾರೋ ತಮಿಳಿನಲ್ಲಿ, "ರೆಂಡುದಾನ್!" ಎಂದು ಕೂಗಿದ. ಮತ್ತೆ ನಗು. ಮೂರನೆಯ ಎಳೆತ ಸ್ಪ್ರಿಂಗಿನ ಮಟ್ಟ ದಾಟಿರಲಿಲ್ಲ, ಅದು ಮಾವನ ಕೈಗೆ ಗೊತ್ತಾಗಿರಲಿಲ್ಲ. ಅವನೊಬ್ಬ ನಗಲಿಲ್ಲ. ನನ್ನ ಕಡೆ ಬಾಗಿ, ಮಗುವಿನ ಹಾಗೆ ಮೆಲ್ಲಗೆ ಕೇಳಿದ.

"ಮೂರು ಒಡೆದ್ನಲ್ಲ ಅಮ್ಮಣ್ಣಿ?"

ಸ್ಪ್ರಿಂಗು ಸಡಿಲವಾಗಿದೆ ಅನ್ನಬಹುದಿತ್ತು. ಆ ಮಾತು ನನ್ನ ನಾಲಿಗೆಯ ತುದಿಗೆ ಬಂದೂ ಇತ್ತು. ನಮ್ಮ ಬಾಗಿಲ ಮುಂದೆ ಹೋಗುವ ಆ ಮುಖಗಳು ನೆನಪಾದವು.

"ಎರಡೇ ಮಾವ" ಅಂದೆ.

ಮಾವ ಬಟ್ಟೆಯಿಂದ ಕೈ ತೆಗೆದು ತಿರುಗಿಸಿ ತಿರುಗಿಸಿ ನೋಡಿಕೊಂಡ. ಸಂಜೆ ರೈಲಿನಿಂದ ಊರಿಗಾಂನಲ್ಲಿ ಇಳಿದ ಮೇಲೆ, "ನೀ ಮನೀಗೋಗು. ನಾನು ಆಪೀಸ್ ತಾವ ಓಗಿ ಬತ್ತೀನಿ" ಅಂದ. ಗಣಿಯ ಆಫೀಸು ಭಾನುವಾರವೂ ತೆರೆದಿರುತ್ತಿತ್ತು. ಇಸ್ತ್ರಿ ಅಂಗಿಯಲ್ಲೇ ಹೋಗಿ, ನನ್ನ ಕೈಗೆ ಹಗ್ಗ ಕೊಡಬೇಡಿ ಎಂದು ತಾನೇ ಹೇಳಿ ಬಂದ.

ಅವನನ್ನು ಗಣಿಗೆ ಇಳಿಯುವವರಿಗೆ ದೀಪ ಕೊಡುವ ಲ್ಯಾಂಪ್ ರೂಮಿಗೆ ಹಾಕಿದರು. ಅತ್ತೆ ಒಂದು ತಿಂಗಳು ನನ್ನ ಹತ್ತಿರ ಮಾತು ಬಿಟ್ಟಳು, ಅನ್ನದ ಪಾತ್ರೆಯನ್ನು ಬಟ್ಟೆ ಹಿಡಿದು ತಾನೇ ಇಳಿಸತೊಡಗಿದಳು. ನನ್ನ ಮಾದರಿಗೆ ಎರಡನೆಯ ಬಹುಮಾನ ಬಂತು, ಮೊದಲನೆಯದು ಕುಂಕುಮದ ನೀರು ಉಗುಳುವ ಜ್ವಾಲಾಮುಖಿಗೆ ಹೋಯಿತು. ಮಾವ ಸ್ವಲ್ಪ ದಿನ ಮಂಕಾಗಿದ್ದ. ಆಮೇಲೆ ಲ್ಯಾಂಪ್ ರೂಮಿನ ಸರ್ವಾಧಿಕಾರಿಯಾದ. ಒಂದೊಂದು ದೀಪವನ್ನೂ ಹೊತ್ತಿಸಿ, ಆರಿಸಿ, ಮತ್ತೆ ಹೊತ್ತಿಸಿ ನೋಡದೆ ಯಾರ ಕೈಗೂ ಕೊಡುತ್ತಿರಲಿಲ್ಲ. ಬಾಗಿಲಲ್ಲಿ ಸಾಲು ಬೆಳೆದು ಜನ ಮೂರು ಭಾಷೆಯಲ್ಲಿ ಬೈಯುತ್ತಿದ್ದರು. ಮಾವ ಮೂರರಲ್ಲೂ ಉತ್ತರ ಕೊಡುತ್ತಿದ್ದ. "ಆ ಹೊಸಾ ಬೆಲ್‌ಮನ್ ಕೈ ಎಂಗೈತೋ ಏನೋ, ಲ್ಯಾಂಪಾದ್ರೂ ಸರಿಯಾಗಿರ್ಲಿ" ಅನ್ನುತ್ತಿದ್ದನಂತೆ.

ನಿನ್ನೆ ಮತ್ತೆ ಡಾಕ್ಟರ ಹತ್ತಿರ ಹೋದೆ. "ಏನಜ್ಜಿ, ವಾರಕ್ಕೇ ಬಂದ್ರಿ?" ಅಂದಳು ಹುಡುಗಿ. "ಆವತ್ತು ನಾನು ಪಿನ್ನು ನೋಡಿಕೊಂಡು ಉತ್ತರ ಹೇಳಿದ್ದು, ಇನ್ನೊಂದು ಸಲ ನೋಡಮ್ಮ" ಎಂದು ಸೆರಗನ್ನು ಕಣ್ಣಿನ ಮೇಲೆ ಎಳೆದುಕೊಂಡೆ. ಅವಳು ನಕ್ಕಳು. ಸೆರಗಿನ ಕತ್ತಲಲ್ಲಿ ಕೂತು ನಾನು ಕಾಲಿನಿಂದ ಬರುವ ಸುದ್ದಿಗಾಗಿ ಕಾದೆ.

"ಎಷ್ಟು ಸಲ ಅಜ್ಜಿ?"

"ಎರಡು."

"ಮೂರು ಸಲ ಚುಚ್ಚಿದೆ ಅಜ್ಜಿ" ಅಂದಳು, ನನಗೆ ನೋವಾದೀತೆಂದು ಮೆಲ್ಲಗೆ.

"ಇರಬಹುದು ಕಣಮ್ಮ. ನನಗೆ ಬಂದದ್ದು ಎರಡೇ. ಎರಡು ಅಂತಲೇ ಬರ್ಕೊ" ಅಂದೆ.