ಸೋಮವಾರದ ಗ್ಯಾರೇಜು

ಬೀದಿಯವರೆಲ್ಲ ಅವನನ್ನು ಕನ್ನಡಕದಣ್ಣ ಎಂದೇ ಕರೆಯುತ್ತಿದ್ದರು. ಮನೆಯಿಂದ ಎರಡು ತಿರುವು ದಾಟಿದರೆ ಅವನ ಕನ್ನಡಕದ ಅಂಗಡಿ. ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದರಲ್ಲಿ, ಕಣ್ಣಿಗೆ ಕಂಡೂ ಕಾಣದಂಥ ಸ್ಕ್ರೂ ಬಿಗಿಯುವುದರಲ್ಲಿ ಅವನದು ಪಳಗಿದ ಕೈ. ಆ ಕೈಯ ಮೇಲಿನ ಭರವಸೆ ಅಂಗಡಿಯಲ್ಲೇ ಉಳಿದಿದ್ದರೆ ಯಾವ ತಂಟೆಯೂ ಇರುತ್ತಿರಲಿಲ್ಲ. ಅದು ಕಾರಿನ ತನಕ ಹೋಯಿತು.

ಕಾರು ಹೊಸದಾಗಿದ್ದಾಗ ಕಂಪನಿಯ ಶೋರೂಮಿಗೇ ಸರ್ವಿಸಿಗೆ ಬಿಡುತ್ತಿದ್ದ. ಅಲ್ಲಿ ಅವನನ್ನು ತಣ್ಣನೆಯ ಕೋಣೆಯ ಸೋಫಾದಲ್ಲಿ ಕೂರಿಸಿ, ಮೆಷಿನ್ ಕಾಫಿ ಕೊಟ್ಟು, ಕಾರನ್ನು ಮಾತ್ರ ಗಾಜಿನಾಚೆ ಒಯ್ಯುತ್ತಿದ್ದರು. ಏನು ಮಾಡುತ್ತಾರೋ ನೋಡೋಣವೆಂದು ಒಮ್ಮೆ ಒಳಗೆ ಹೊರಟವನನ್ನು, ಕೊರಳಿಗೆ ಐಡಿ ಕಾರ್ಡು ತೂಗಿಸಿಕೊಂಡಿದ್ದ ಹೆಂಗಸೊಬ್ಬಳು ನಗುನಗುತ್ತಲೇ ತಡೆದು ಮತ್ತೆ ಸೋಫಾಕ್ಕೆ ಕಳಿಸಿದಳು. ತನ್ನ ಕಾರನ್ನೇ ತಾನು ನೋಡುವ ಹಾಗಿಲ್ಲವೇ ಎಂದು ಅವನಿಗೆ ಮೈ ಉರಿಯಿತು. ಹೊರಗಿನ ಗ್ಯಾರೇಜು ಎಂದರೆ ಮೊದಲಿನಿಂದಲೂ ಮೂಗು ಮುರಿಯುವವನು. ಒಳ್ಳೆಯದನ್ನು ಕಳಚಿಕೊಂಡು ಹಳೆಯದನ್ನು ಜೋಡಿಸಿ ಕಳಿಸುತ್ತಾರೆಂಬ ಗುಮಾನಿ. ಹೀಗೆ ಅದೂ ಬೇಡ, ಇದೂ ಬೇಡ ಎಂದು, ಫೋನಿನಲ್ಲಿ ವಿಡಿಯೊ ನೋಡಿಕೊಂಡು, ಒಂದು ಪೆಟ್ಟಿಗೆ ಸ್ಪ್ಯಾನರು, ಒಂದು ಜಾಕು ತಂದು, ಭಾನುವಾರ ಬಂತೆಂದರೆ ತಾನೇ ಕಾರಿನ ಕೆಳಗೆ ಮಲಗತೊಡಗಿದ.

ಹೆಂಡತಿ ಬೇಡವೆನ್ನಲಿಲ್ಲ. ಕಾರು ಓಡಿಸುತ್ತಿದ್ದವಳು ಅವಳೇ. ಊರಾಚೆಯ ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಅವಳದು. ಭಾನುವಾರ ಸಂಜೆ ಅವನು ಮೊಣಕೈವರೆಗೆ ಗ್ರೀಸು ಬಳಿದುಕೊಂಡು ಒಳಗೆ ಬಂದು, ನಾಳೆ ಓಡಿಸಿ ನೋಡು, ಬೆಣ್ಣೆ ಹಾಗೆ ಹೋಗುತ್ತದೆ ಎನ್ನುವನು. ಸೋಮವಾರ ಸಂಜೆ ಅವಳು ಬಂದು ಚಪ್ಪಲಿ ಬಿಡುತ್ತಾ, ಹೌದು, ಬೆಣ್ಣೆಯೇ ಎನ್ನುವಳು. ಕಾರು ನಿಜಕ್ಕೂ ಸದ್ದಿಲ್ಲದೆ ಓಡುತ್ತಿತ್ತು. ಅಂಗಡಿಗೆ ಬಂದವರ ಕಣ್ಣು ಪರೀಕ್ಷೆ ಮುಗಿಯುವುದರೊಳಗೆ ಬ್ರೇಕು, ಫಿಲ್ಟರು, ಪ್ಲಗ್ಗುಗಳ ಪುರಾಣವೂ ಒಂದು ಸುತ್ತು ಮುಗಿದಿರುತ್ತಿತ್ತು.

ಎದುರು ಮನೆಯಲ್ಲಿ ಆಸ್ಪತ್ರೆಯ ನರ್ಸ್ ಒಬ್ಬಳಿದ್ದಳು. ಅವನನ್ನು ಬಾಯಿ ತುಂಬ ಅಣ್ಣ ಎನ್ನುವವಳು. ಒಮ್ಮೆ ಅವಳು ತನ್ನ ಕಾರನ್ನು ಶೋರೂಮಿಗೆ ಬಿಡಲು ಹೊರಟಾಗ ಇವನೇ ಗೇಟಿಗೆ ಅಡ್ಡ ನಿಂತು, ಬರೀ ಆಯಿಲ್ ಬದಲಿಸುವುದಕ್ಕೆ ಅಲ್ಲಿಗೆ ಯಾಕೆ ಹೋಗಬೇಕು, ನಾನಿಲ್ಲವೇ ಎಂದ. ಅಡುಗೆಮನೆಯ ಕಿಟಕಿಯಿಂದ ಕೇಳಿಸಿಕೊಂಡ ಹೆಂಡತಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು.

"ಅವಳು ದಿನಾ ಡ್ಯೂಟಿಗೆ ಹೋಗೋ ಕಾರು ಕಣ್ರೀ. ಶೋರೂಮಲ್ಲೇ ಮಾಡಿಸ್ಕೊಳ್ಳಲಿ ಬಿಡಿ."

ಅವನಿಗೆ ರೇಗಿತು. ನಮ್ಮ ಕಾರು ಹೇಗೆ ಓಡುತ್ತಿದೆಯೆಂದು ನೀನೇ ಹೇಳು ಎಂದು ನರ್ಸಿನ ಎದುರೇ ಕೇಳಿದ. ಹೆಂಡತಿ ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡು ಒಳಗೆ ಹೋದಳು. ಆ ಭಾನುವಾರ ಅವನು ನರ್ಸಿನ ಕಾರಿನ ಕೆಳಗೆ ಮಲಗಿ ಹಳೆಯ ಆಯಿಲ್ ಇಳಿಸಿ, ಅದು ಇಳಿದ ತೂತಿನ ಬೋಲ್ಟನ್ನು ಬಲವಾಗಿ ತಿರುಗಿಸಿ, ಎದ್ದು ಹೊಸದು ತುಂಬಿದ.

ಮರುದಿನ ಬೆಳಿಗ್ಗೆ ಅಂಗಡಿಯ ಶಟರ್ ಎತ್ತುತ್ತಿದ್ದಾಗಲೇ ನರ್ಸಿನ ಫೋನು ಬಂತು. ಮೇಲ್ಸೇತುವೆಯ ಮೇಲೆ ಹೋಗುತ್ತಿದ್ದಾಗ ಸ್ಟೇರಿಂಗಿನ ಮುಂದೆ ಕೆಂಪು ದೀಪ ಹತ್ತಿತಂತೆ. ಪಕ್ಕಕ್ಕೆ ತರುವಷ್ಟರಲ್ಲಿ ಗಡಗಡ ಸದ್ದಾಗಿ ಎಂಜಿನ್ ನಿಂತೇಹೋಯಿತಂತೆ. ಅವನು ಓಡಿದ. ಕಾರು ಬಂದ ದಾರಿಯುದ್ದಕ್ಕೂ ಆಯಿಲ್ ಕಪ್ಪು ಗೆರೆಯಾಗಿ ಬಿದ್ದಿತ್ತು. ಸೇತುವೆ ಇಳಿದಲ್ಲೇ ಒಂದು ಗ್ಯಾರೇಜು. ಅಲ್ಲಿನ ಮೇಸ್ತ್ರಿ ಹಗ್ಗ ಕಟ್ಟಿ ಕಾರನ್ನು ಎಳೆತಂದು, ಕೆಳಗೆ ನುಸುಳಿ ನೋಡಿ ಎದ್ದ. ಬೋಲ್ಟು ಓರೆಯಾಗಿ ಕೂತು ಥ್ರೆಡ್ಡೆಲ್ಲ ಸವೆದುಹೋಗಿದೆ, ಇದ್ದ ಆಯಿಲ್ ಎಲ್ಲ ಸೋರಿ ಎಂಜಿನ್ ಜಾಮ್ ಆಗಿದೆ ಎಂದ. ಯಾರು ಮಾಡಿದ್ದು ಎಂದು ಕೇಳಿದಾಗ ಕನ್ನಡಕದಣ್ಣ ಮೆಲ್ಲಗೆ, ನಾನೇ ಎಂದ.

ಮೇಸ್ತ್ರಿ ಅವನನ್ನು ದಿಟ್ಟಿಸಿದವನೇ ಮುಖ ಅರಳಿಸಿದ. "ಕನ್ನಡಕದ ಅಂಗಡಿ ಸರ್ ಅಲ್ವಾ? ನಿಮ್ಮನೆ ಮೇಡಂ ಸೋಮವಾರ ನಿಮ್ಮ ಗಾಡಿ ತರ್ತಾರಲ್ಲ, ನೀವು ಮಾಡಿದ್ಮೇಲೆ ಸರಿ ಮಾಡಿಸೋಕೆ. ಇದನ್ನೂ ಹಾಗೇ ಒಂದು ಸಲ ಕಳಿಸಿದ್ರೆ ಆಗ್ತಿತ್ತು."

ಕನ್ನಡಕದಣ್ಣನ ಮುಖ ನೋಡಿದ ಮೇಲೇ ಮೇಸ್ತ್ರಿಗೆ ತಾನು ಆಡಿದ್ದೇನೆಂದು ಹೊಳೆದದ್ದು. ನಾಲಿಗೆ ಕಚ್ಚಿಕೊಂಡು, ಏನೋ ಹುಡುಕುವವನಂತೆ ಒಳಗೆ ಹೋಗಿಬಿಟ್ಟ. ನರ್ಸ್ ಪಕ್ಕದಲ್ಲೇ ಇದ್ದಳು, ಎಲ್ಲ ಕೇಳಿಸಿತ್ತು. ಬೈದಿದ್ದರೆ ಅವನಿಗೆ ಉಸಿರಾಡಲು ಜಾಗ ಸಿಗುತ್ತಿತ್ತೇನೋ. ಅವಳು ಕೈಗಡಿಯಾರ ನೋಡಿಕೊಂಡು, "ಪರವಾಗಿಲ್ಲ ಬಿಡಿ ಅಣ್ಣ, ನಾನು ಬಸ್ಸಲ್ಲಿ ಹೋಗ್ತೀನಿ" ಎಂದಳು. ಅವನಿಗೆ ನಿಂತ ನೆಲವೇ ಬಿರಿದು ನುಂಗಬಾರದೇ ಅನ್ನಿಸಿತು. ಎಷ್ಟು ಭಾನುವಾರ ಎದೆಯುಬ್ಬಿಸಿ ಒಳಗೆ ಬಂದಿದ್ದ, ಅಂಗಡಿಯಲ್ಲಿ ಎಷ್ಟು ಜನರೆದುರು ಜಂಬ ಕೊಚ್ಚಿದ್ದ, ಎಲ್ಲವೂ ಒಟ್ಟಿಗೆ ನೆನಪಾಗಿ ಕಿವಿ ಬಿಸಿಯಾದವು.

ಸಂಜೆ ಹೆಂಡತಿ ಬಂದಾಗ ಅವನು ದೀಪವನ್ನೂ ಹಾಕದೆ ಕೂತಿದ್ದ. ಯಾವಾಗಿನಿಂದ ಎಂದಷ್ಟೇ ಕೇಳಿದ. ಅವಳಿಗೆ ಅರ್ಥವಾಯಿತು. ಎದುರಿಗೆ ಕೂತಳು.

"ಮೊದಲನೇ ಸಲದಿಂದಲೂ. ಬ್ರೇಕ್ ಪ್ಯಾಡ್ ಹಾಕಿದ್ರಲ್ಲ, ಬೀದಿ ಕೊನೆ ದಾಟೋದ್ರಲ್ಲೇ ಕಿರ್ ಅಂತು."

"ಹೇಳಬಾರದಿತ್ತಾ?"

"ಹೇಳೋಣ ಅಂತಾನೇ ಬಂದೆ. ಹೇಗಿತ್ತು, ಹೇಗಿತ್ತು ಅಂತ ಬಾಗಿಲಲ್ಲೇ ಕಾಯ್ತಾ ನಿಂತಿದ್ರಿ. ಆ ಮುಖ ನೋಡಿ ಬಾಯೇ ಬರಲಿಲ್ಲ. ಆಮೇಲೆ ಹೇಳೋದಕ್ಕೆ ತಡ ಆಗೋಗಿತ್ತು." ಅವಳೇ ಮುಂದುವರಿದಳು. "ನಾನು ಆವತ್ತೇ ಹೇಳಿದ್ರೆ ಅವಳ ಗಾಡಿ ಹಾಳಾಗ್ತಿರಲಿಲ್ಲ. ನನ್ನದೂ ತಪ್ಪಿದೆ."

ತನ್ನ ತಪ್ಪಿನಲ್ಲಿ ಅವಳೂ ಪಾಲು ಹೊತ್ತದ್ದು ಅವನನ್ನು ಇನ್ನೂ ಕುಗ್ಗಿಸಿತು. ಅವಳ ಮೇಲೆ ಸಿಟ್ಟಾಗಲು ನೋಡಿದ, ಆಗಲಿಲ್ಲ.

ನರ್ಸಿನ ಎಂಜಿನ್ ಬಿಚ್ಚಿಸಿ ಸರಿ ಮಾಡಿಸಿಕೊಟ್ಟದ್ದು ಅವನೇ. ಆದರೆ ಕಾರು ಬರುವ ತನಕ ಅವಳು ಬೆಳಕು ಹರಿಯುವ ಮುಂಚೆಯೇ ಬಸ್ಸಿಗೆ ಹೋಗುತ್ತಿದ್ದಳು. ಎದುರು ಗೇಟಿನ ಸದ್ದಾದಾಗೆಲ್ಲ ಅವನು ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಿದ್ದ. ಸ್ಪ್ಯಾನರಿನ ಪೆಟ್ಟಿಗೆ ಅಟ್ಟ ಸೇರಿತು. ಅವನ ಕಾರು ಮತ್ತೆ ಶೋರೂಮಿಗೆ ಹೋಗತೊಡಗಿತು. ಅಲ್ಲಿನ ಕೆಲಸ ಮೇಲೆಂದು ಅವನಿಗೇನೂ ಅನ್ನಿಸಿರಲಿಲ್ಲ. ಅಲ್ಲಿ ಅವನನ್ನು ಬಲ್ಲವರು ಯಾರೂ ಇರಲಿಲ್ಲ, ಅಷ್ಟೇ. ಗಾಜಿನ ಕಡೆ ಬೆನ್ನು ಹಾಕಿ ಸೋಫಾದಲ್ಲಿ ಕೂತು ಬರುತ್ತಿದ್ದ.

ಹೀಗೆ ತಿಂಗಳುಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಕಾರಿನ ಮುಂಭಾಗದಲ್ಲಿ ಕಟಕಟ ಸದ್ದು ಶುರುವಾಯಿತು. ಹೆಂಡತಿ ಬೀಗದ ಕೈ ಹಿಡಿದು, ಮೇಸ್ತ್ರಿಯ ಹತ್ತಿರ ಹೋಗೋಣ, ನೀವೂ ಬನ್ನಿ ಎಂದಳು. ಅವನು ಅಂಗಡಿಯ ನೆಪ ಹೇಳಿದ. ಅವಳು ಬಿಡಲಿಲ್ಲ. "ಅಲ್ಲಿ ಯಾರೂ ನಿಮ್ಮನ್ನ ನೋಡಿ ನಗಲ್ಲ ಕಣ್ರೀ. ಆ ಮನುಷ್ಯನೇ ನಿಮಗೆ ಮುಖ ತೋರಿಸೋದು ಹೇಗೆ ಅಂತ ಸಂಕಟ ಪಡ್ತಿದ್ದಾನೆ."

ಹೋದರು. ಮೇಸ್ತ್ರಿ ಹೆಚ್ಚು ಮಾತಾಡದೆ ಬಾನೆಟ್ ಎತ್ತಿ, ಏನು ತೊಂದರೆ ಇರಬಹುದು ಸರ್ ಎಂದು ಮೊದಲಿನದೇ ಮರ್ಯಾದೆಯಲ್ಲಿ ಕೇಳಿದ. ವಿಡಿಯೊಗಳಲ್ಲಿ ಕಲಿತ ಹತ್ತು ಹೆಸರು ಕನ್ನಡಕದಣ್ಣನ ನಾಲಿಗೆ ತುದಿಯವರೆಗೆ ಬಂದವು. ನುಂಗಿಕೊಂಡ.

"ನನಗೆ ಗೊತ್ತಾಗಲ್ಲ. ನೀವೇ ನೋಡಿ."

ಮೇಸ್ತ್ರಿ ಬಗ್ಗಿದ. ಹೆಂಡತಿ ಕಾರಿನೊಳಗೆ ತಲೆ ತಗ್ಗಿಸಿ ಫೋನು ನೋಡುತ್ತಿದ್ದಳು. ಅವನ ಕಿವಿ ಇನ್ನೂ ಬಿಸಿಯಾಗಿಯೇ ಇದ್ದವು. ಆದರೂ ಹೊರಗೆ ಹೋಗದೆ, ಕಾರಿನ ಪಕ್ಕದಲ್ಲೇ ನಿಂತ.